ಬ್ಯಾಂಡ್ ಸೆಟ್ಟಿನ ಟ್ಯೂಬಾ: ನಮ್ಮ ಕೋಲಾರ ಸೀಮೆಯ ಜನ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಂಗಾರಪೇಟೆಯವನು. ನಮ್ಮಪ್ಪ ಮೂವತ್ತು ವರ್ಷಕ್ಕೂ ಜಾಸ್ತಿ ಊರಿನ ಬ್ಯಾಂಡ್ ಸೆಟ್ಟಿನಲ್ಲಿ ಟ್ಯೂಬಾ ಊದಿದರು. ಅವರಾದ ಮೇಲೆ ಅದೇ ವಾದ್ಯ ನನ್ನ ಹೆಗಲಿಗೆ ಬಂತು. ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ, ಟೀ ಅಂಗಡಿ ಮುಂದೆ, ರೈಲಿನಲ್ಲಿ, ಎಲ್ಲಿ ಹೋದರೂ ಅದನ್ನು ನೋಡಿದವರು ಏನಾದರೂ ಕೇಳೇ ಕೇಳುತ್ತಾರೆ. ಹಾಗೆ ಕೇಳಿದ್ದನ್ನೆಲ್ಲ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ.

ಟ್ಯೂಬಾ ಅಂದ್ರೆ ಯಾವುದು? ಮೈಗೆ ಸುತ್ತಿಕೊಂಡಿರುತ್ತಲ್ಲ, ಅದಾ?

ಅದೂ ಟ್ಯೂಬಾ ಮನೆತನದ್ದೇ. ಮೈಗೆ ಬಳಸಿಕೊಂಡು, ತಲೆಯ ಮೇಲೆ ದೊಡ್ಡ ಬಾಯಿ ಮುಂದಕ್ಕೆ ತೆರೆದಿರುವುದು ಸೂಸಾಫೋನ್. ಅಮೆರಿಕದ ಬ್ಯಾಂಡ್ ಮಾಸ್ಟರ್ ಜಾನ್ ಫಿಲಿಪ್ ಸೂಸಾ ಕೇಳಿಕೊಂಡಿದ್ದಕ್ಕೆ 1890ರ ದಶಕದಲ್ಲಿ ತಯಾರಾದದ್ದು. ಅವರ ಹೆಸರೇ ಅದಕ್ಕೆ ನಿಂತಿತು. ಮಡಿಲಲ್ಲಿ ಮಗು ಎತ್ತಿಕೊಂಡ ಹಾಗೆ ಹಿಡಿಯುವುದು, ಬಾಯಿ ಆಕಾಶ ನೋಡುತ್ತಿರುವುದು ಟ್ಯೂಬಾ. ಅದೇ ಆಕಾರದಲ್ಲಿ ಚಿಕ್ಕದಾಗಿರುವುದು ಯೂಫೋನಿಯಂ. ನಮ್ಮ ಕಡೆ ಸೆಟ್ಟುಗಳಲ್ಲಿ ಜಾಸ್ತಿ ಕಾಣುವುದು ಈ ಯೂಫೋನಿಯಂ. ಟ್ಯೂಬಾ, ಸೂಸಾಫೋನ್ ಎರಡನ್ನೂ ನಮ್ಮ ಸೆಟ್ಟಿನಲ್ಲಿ ಸುಮ್ನೆ ‘ಬಾಸ್’ ಅನ್ನುತ್ತಿದ್ದರು. ಊರಿನ ಮಕ್ಕಳಿಗೆ ಮಾತ್ರ ಅದು ಆನೆ ಸೊಂಡಿಲು.

ಇದು ಹುಟ್ಟಿದ್ದು ಎಲ್ಲಿ?

ಜರ್ಮನಿಯಲ್ಲಿ. 1835ರ ಸೆಪ್ಟೆಂಬರ್ 12ರಂದು ಬರ್ಲಿನ್‌ನಲ್ಲಿ ವಿಲ್ಹೆಲ್ಮ್ ವೀಪ್ರೆಕ್ಟ್ ಮತ್ತು ಯೋಹಾನ್ ಮೋರಿಟ್ಸ್ ಅನ್ನುವವರು ಇದಕ್ಕೆ ಪೇಟೆಂಟ್ ಪಡೆದರು. ವೀಪ್ರೆಕ್ಟ್ ಮಿಲಿಟರಿ ಬ್ಯಾಂಡ್ ನಡೆಸುತ್ತಿದ್ದವರು, ಮೋರಿಟ್ಸ್ ವಾದ್ಯ ಮಾಡುವವರು. ಬಯಲಲ್ಲಿ, ನಡೆಯುತ್ತಾ ನುಡಿಸುವ ಬ್ಯಾಂಡಿಗೆ ಗಟ್ಟಿಯಾದ ಮಂದ್ರ ಸ್ವರ ಕೊಡುವ ವಾದ್ಯ ಬೇಕಾಗಿತ್ತು. ಅದಕ್ಕೂ ಇಪ್ಪತ್ತು ವರ್ಷ ಮುಂಚೆಯೇ ಬೆರಳಲ್ಲಿ ಒತ್ತಿ ಸ್ವರ ಬದಲಿಸುವ ಪಿಸ್ಟನ್ ಬಂದಿತ್ತು. ಅದು ಬಂದಿದ್ದರಿಂದಲೇ ಅಷ್ಟು ದೊಡ್ಡ ಕೊಳವೆಯಿಂದ ಎಲ್ಲಾ ಸ್ವರ ತೆಗೆಯುವುದಕ್ಕೆ ಆಯಿತು.

ಅಲ್ಲಿ ಹುಟ್ಟಿದ್ದು ಕೋಲಾರದ ಕಡೆಗೆ ಹೇಗೆ ಬಂತು?

ಒಂದೇ ದಾರಿಯಲ್ಲಿ ಬರಲಿಲ್ಲ. ನಾನು ನೋಡಿದ ಹಾಗೆ ಮೂರು ದಾರಿ.

ಮೊದಲನೆಯದು ಮಿಲಿಟರಿ. 1809ರಲ್ಲಿ ಬ್ರಿಟಿಷರ ಪಡೆ ಶ್ರೀರಂಗಪಟ್ಟಣ ಬಿಟ್ಟು ಬೆಂಗಳೂರಿಗೆ ಬಂದು ದಂಡು ಕಟ್ಟಿತು. ದಂಡು ಇದ್ದ ಕಡೆ ಬ್ಯಾಂಡ್ ಇರಲೇಬೇಕು. ಕಬ್ಬನ್ ಪಾರ್ಕಿನಲ್ಲಿ ಇವತ್ತಿಗೂ ಬ್ಯಾಂಡ್ ಸ್ಟ್ಯಾಂಡ್ ನಿಂತಿದೆ ಅಲ್ವಾ, ಅಲ್ಲಿ ಕೂತು ನುಡಿಸುತ್ತಿದ್ದದ್ದು ಮಿಲಿಟರಿ ಬ್ಯಾಂಡುಗಳೇ. ಪಿಂಚಣಿ ಪಡೆದು ಊರಿಗೆ ಮರಳಿದ ಬ್ಯಾಂಡಿನವರಿಗೆ ಬರುತ್ತಿದ್ದ ಕಸುಬು ಅದೊಂದೇ. ಅವರು ನಾಲ್ಕು ಹುಡುಗರನ್ನು ಸೇರಿಸಿ ಕಲಿಸಿದರು.

ಎರಡನೆಯದು ಅರಮನೆ. ಕೋಲಾರ, ಚಿಕ್ಕಬಳ್ಳಾಪುರ ಎಲ್ಲಾ ಮೈಸೂರು ಸಂಸ್ಥಾನದ ಊರುಗಳು. ಮಹಾರಾಜರ ಕಾಲದಲ್ಲಿ ಮೈಸೂರು ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡ್ ಇತ್ತು, ಕರ್ನಾಟಕ ಸಂಗೀತ ನುಡಿಸುವ ಬ್ಯಾಂಡೂ ಇತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಜರ್ಮನಿಯ ಒಟ್ಟೊ ಷ್ಮಿಟ್ ಅಲ್ಲಿ ಸಂಗೀತ ನಡೆಸುತ್ತಿದ್ದರು. ಈಗ ಆ ಪರಂಪರೆ ಪೊಲೀಸ್ ಬ್ಯಾಂಡಿನಲ್ಲಿ ಉಳಿದಿದೆ. ದಸರಾ ನೋಡಿ ಬಂದವರಿಗೆ ನಮ್ಮೂರಲ್ಲೂ ಹೀಗೆ ಇರಬೇಕು ಅನ್ನಿಸುವುದು ಸಹಜ.

ಮೂರನೆಯದು ಚಿನ್ನದ ಗಣಿ. ನನಗೆ ಹತ್ತಿರದ್ದು ಇದು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೆಜಿಎಫ್‌ಗೆ ಕಾಲಿಟ್ಟ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸ ಬಲ್ಲವರು ಬಂದರು. ಅವರ ನಾಡಿನ ಗಣಿ ಊರುಗಳಲ್ಲಿ ಬ್ರಾಸ್ ಬ್ಯಾಂಡ್ ಅಂದರೆ ಊರ ಮರ್ಯಾದೆ. ನಮಗೆ ಊರ ದೇವರ ತೇರು ಹೇಗೋ ಹಾಗೆ. ಅಲ್ಲಿನ ಪದ್ಧತಿಯಲ್ಲಿ ಒಂದು ಪೂರ್ತಿ ಬ್ಯಾಂಡಿಗೆ ನಾಲ್ಕು ಟ್ಯೂಬಾ ಇರಬೇಕು. ನಮ್ಮಲ್ಲಿ ಒಂದಿದ್ದರೆ ಅದೇ ದೊಡ್ಡದು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂಗೆ ರೈಲು ಬಂತು. ಬೌರಿಂಗ್‌ಪೇಟೆ ಅಂದರೆ ನಮ್ಮ ಬಂಗಾರಪೇಟೆಯೇ. ಗಣಿಯಿಂದ ನಮ್ಮೂರಿಗೆ ಬರೀ ಚಿನ್ನ, ಸಾಮಾನು ಓಡಾಡಲಿಲ್ಲ, ಪಾಟಿ ಚೀಲದ ಜೊತೆ ಕ್ಲಾರಿನೆಟ್, ಟ್ರಂಪೆಟ್ ಕೂಡ ಓಡಾಡಿದವು. ಊರ್ಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ ಕಡೆಯ ಚರ್ಚಿನ ಮೆರವಣಿಗೆಗೆ, ಸಾವಿಗೆ ಬ್ಯಾಂಡ್ ಊದುವುದನ್ನು ನಮ್ಮಪ್ಪ ಚಿಕ್ಕಂದಿನಲ್ಲಿ ನೋಡಿದ್ದರು.

ನಿಮ್ಮ ತಂದೆ ಕಲಿತದ್ದು ಯಾರ ಹತ್ತಿರ?

ಪಿಂಚಣಿ ಪಡೆದು ಬಂದಿದ್ದ ಒಬ್ಬ ಮಿಲಿಟರಿ ತಾತನ ಹತ್ತಿರ. ನಮ್ಮ ಚಿಕ್ಕಪ್ಪ ಅದೇ ತಾತನ ಹತ್ತಿರ ಕ್ಲಾರಿನೆಟ್ ಕಲಿತು, ಮುಂದೆ ಸೆಟ್ಟಿಗೆ ಮಾಸ್ಟರ್ ಆದರು. ಅಪ್ಪ ದೊಡ್ಡ ಮೈಯವರು. ‘ನೀನು ಬಾಸ್ ಹಿಡಿ’ ಅಂದರಂತೆ ತಾತ, ಬೇರೆ ಮಾತೇ ಇಲ್ಲ. ಅಪ್ಪನಿಗೆ ಟ್ರಂಪೆಟ್ ಮೇಲೆ ಆಸೆ ಇತ್ತು.

ಪಾಠ ನಡೆಯುತ್ತಿದ್ದದ್ದು ಊರಾಚೆ ಹುಣಸೆ ತೋಪಿನಲ್ಲಿ. ಮನೆಯಲ್ಲಿ ಟ್ಯೂಬಾ ಊದಿದರೆ ಅಕ್ಕಪಕ್ಕದವರು ಸುಮ್ಮನಿರುತ್ತಾರಾ? ಇಂಗ್ಲಿಷ್ ಗೆರೆಯ ಮೇಲೆ ಬರೆದ ನೊಟೇಶನ್ ತಾತನಿಗೆ ಓದಲು ಬರುತ್ತಿತ್ತು, ಅಪ್ಪನಿಗೆ ಬರುತ್ತಿರಲಿಲ್ಲ. ಅದಕ್ಕೆ ತಾತ ಒಂದು ಉಪಾಯ ಮಾಡಿದರು. ನೋಟ್ ಪುಸ್ತಕದಲ್ಲಿ ಸ, ರಿ, ಗ, ಮ ಅಂತ ಕನ್ನಡದಲ್ಲಿ ಬರೆದು, ಪ್ರತಿ ಅಕ್ಷರದ ಕೆಳಗೆ ಯಾವ ಬೆರಳು ಒತ್ತಬೇಕು ಅಂತ 1, 2, 3 ಹಾಕಿಕೊಟ್ಟರು. ಆ ಪುಸ್ತಕದ ಮೂಲೆಗಳು ಜಿಡ್ಡು ಹಿಡಿದು ಕಪ್ಪಾಗಿವೆ. ನಾನು ಕಲಿತದ್ದೂ ಅದನ್ನು ನೋಡಿಯೇ.

ಸೆಟ್ಟಿನಲ್ಲಿ ಯಾರು ಯಾರು ಇದ್ದರು?

ಎಲ್ಲರೂ. ನಮ್ಮ ಕಡೆ ಓಲಗ ಬಹುಮಟ್ಟಿಗೆ ಸವಿತಾ ಸಮಾಜದವರ ಕೈಯಲ್ಲಿ, ತಮಟೆ ದಲಿತರ ಕೈಯಲ್ಲಿ ಬೆಳೆದು ಬಂದ ವಿದ್ಯೆ. ಬ್ಯಾಂಡ್ ಹಾಗಾಗಲಿಲ್ಲ. ನಮ್ಮ ಸೆಟ್ಟಿನಲ್ಲಿ ದಲಿತರಿದ್ದರು, ಮುಸ್ಲಿಮರಿದ್ದರು, ಕೆಜಿಎಫ್‌ನ ಕ್ರೈಸ್ತರಿದ್ದರು. ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಓಡುತ್ತಿತ್ತು. ಕೆಂಪು ಕೋಟು, ಹಳದಿ ಪಟ್ಟಿ, ಟೋಪಿ ಹಾಕಿಕೊಂಡು ಸಾಲಾಗಿ ನಿಂತರೆ ಯಾರು ಯಾರೆಂದು ಕೇಳುವವರೇ ಇಲ್ಲ. ಕೋಟು ಬಿಚ್ಚಿದ ಮೇಲೆ ಮಾತ್ರ ಕೇಳುತ್ತಿದ್ದರು. ಅದನ್ನು ಮುಂದೆ ಹೇಳುತ್ತೇನೆ.

ಟ್ಯೂಬಾ ಏನು ಕೆಲಸ ಮಾಡುತ್ತೆ? ನಮಗೆ ಕೇಳಿಸೋದೇ ಇಲ್ವಲ್ಲ!

ಜನ ಅತಿ ಹೆಚ್ಚು ಕೇಳುವುದು ಇದನ್ನೇ. ಅಪ್ಪನಿಗೆ ಬೇಸರ ತರುತ್ತಿದ್ದದ್ದೂ ಇದೇ.

ತಬಲದಲ್ಲಿ ಡಗ್ಗ ಇರುತ್ತದಲ್ಲ, ಅದನ್ನು ತೆಗೆದು ಬರೀ ಬಲಗೈ ಕೇಳಿ ನೋಡಿ. ತಾಳ ಇದ್ದೇ ಇರುತ್ತದೆ, ಆದರೆ ಕಾಲಡಿಯ ನೆಲ ಇರುವುದಿಲ್ಲ. ಬ್ಯಾಂಡಿನಲ್ಲಿ ಆ ನೆಲ ಟ್ಯೂಬಾ. ಮೆರವಣಿಗೆಯ ನಡೆಯಲ್ಲಿ ಎಡಗಾಲಿಗೆ ‘ಸ’, ಮುಂದಿನ ಎಡಗಾಲಿಗೆ ‘ಪ’. ಮಧ್ಯದ ಬಲಗಾಲಿಗೆ ಬೇರೆ ವಾದ್ಯಗಳು ಉತ್ತರ ಕೊಡುತ್ತವೆ. ಹಾಡು ಯಾವುದೇ ಇರಲಿ, ಕ್ಲಾರಿನೆಟ್ ಎಷ್ಟೇ ಓಡಾಡಲಿ, ಕೆಳಗೆ ಆ ಸ–ಪ, ಸ–ಪ ನಿಂತಿದ್ದರೆ ಯಾರೂ ದಾರಿ ತಪ್ಪುವುದಿಲ್ಲ.

ನಾನು ಚಿಕ್ಕವನಿದ್ದಾಗ ಸೈಡ್ ಡ್ರಮ್ ಬಾರಿಸುತ್ತಿದ್ದೆ. ಒಂದು ದಿನ ಅಪ್ಪನಿಗೆ ಜ್ವರ. ಬಾಸ್ ಇಲ್ಲದೆ ಮುಳಬಾಗಿಲಿನ ಒಂದು ಹೂವಿನ ಪಲ್ಲಕ್ಕಿಗೆ ಹೋದೆವು. ಹಾಡು ಅವೇ, ಜನ ಅವರೇ. ಆದರೆ ಅರ್ಧ ಗಂಟೆಯಲ್ಲಿ ನಡೆ ಓಟವಾಯಿತು. ಪಲ್ಲಕ್ಕಿ ಹಿಂದೆ ಉಳಿಯಿತು, ನಾವು ಮುಂದೆ. ಡ್ರಮ್ ಹಿಡಿದ ನನ್ನದೇ ತಪ್ಪು ಅಂದುಕೊಂಡಿದ್ದೆ. ಚಿಕ್ಕಪ್ಪ ಬೈಯಲಿಲ್ಲ. ‘ಇವತ್ತು ನಿಮ್ಮಪ್ಪ ಇಲ್ಲ ಕಣೋ’ ಅಂದರು ಅಷ್ಟೇ. ಆವತ್ತಿನಿಂದ ನನ್ನ ಕಿವಿ ಟ್ಯೂಬಾ ಕಡೆ ತಿರುಗಿತು.

ಇರುವುದು ಮೂರೇ ಪಿಸ್ಟನ್. ಅಷ್ಟೊಂದು ಸ್ವರ ಹೇಗೆ ಬರುತ್ತೆ?

ಸ್ವರ ಹುಟ್ಟುವುದು ತುಟಿಯಲ್ಲಿ. ಮೌತ್‌ಪೀಸಿಗೆ ತುಟಿ ಇಟ್ಟು ಊದಿದಾಗ ತುಟಿ ಅದುರುತ್ತದೆ, ಕೊಳವೆಯೊಳಗಿನ ಗಾಳಿ ಅದಕ್ಕೆ ಜೊತೆಗೂಡುತ್ತದೆ. ತುಟಿ ಬಿಗಿ ಮಾಡಿದರೆ ಮೇಲಿನ ಸ್ವರ, ಸಡಿಲ ಮಾಡಿದರೆ ಕೆಳಗಿನದು. ಆದರೆ ಇಷ್ಟರಲ್ಲೇ ಎಲ್ಲಾ ಸ್ವರ ಸಿಗುವುದಿಲ್ಲ, ಮಧ್ಯೆ ಮಧ್ಯೆ ಖಾಲಿ. ಆ ಖಾಲಿ ತುಂಬುವುದಕ್ಕೆ ಪಿಸ್ಟನ್. ನಮ್ಮ ಟ್ಯೂಬಾದ ಕೊಳವೆ ಬಿಚ್ಚಿ ಹಾಸಿದರೆ ಸುಮಾರು 18 ಅಡಿ. ಪಿಸ್ಟನ್ ಒತ್ತಿದಾಗ ಇನ್ನಷ್ಟು ಕೊಳವೆ ಸೇರಿಕೊಂಡು ಉದ್ದ ಹೆಚ್ಚುತ್ತದೆ, ಸ್ವರ ಇಳಿಯುತ್ತದೆ. ಎರಡನೆಯದು ಅರ್ಧ ಸ್ವರ ಇಳಿಸುತ್ತದೆ, ಮೊದಲನೆಯದು ಒಂದು ಸ್ವರ, ಮೂರನೆಯದು ಒಂದೂವರೆ.

ಇಲ್ಲೊಂದು ಕಷ್ಟ ಇದೆ, ಇದನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ. ಒಂದೊಂದು ಪಿಸ್ಟನ್ನಿನ ಕೊಳವೆಯನ್ನೂ ಅದೊಂದನ್ನೇ ಒತ್ತಿದಾಗ ಸರಿಹೋಗುವಂತೆ ಕತ್ತರಿಸಿರುತ್ತಾರೆ. ಎರಡನ್ನು ಒಟ್ಟಿಗೆ ಒತ್ತಿದರೆ ಉದ್ದ ಸಾಲುವುದಿಲ್ಲ. ಹಾಗಾಗಿ 1 ಮತ್ತು 3 ಒತ್ತಿ ಊದುವ ಸ್ವರ ಸ್ವಲ್ಪ ಮೇಲೆ ನಿಲ್ಲುತ್ತದೆ. ಆ ಸ್ವರ ಯಾವುದು ಗೊತ್ತಾ? ನಮ್ಮ ಕೆಳಗಿನ ‘ಪ’. ನಾಲ್ಕು ಹೆಜ್ಜೆಗೊಮ್ಮೆ ಬೇಕಾದ ಸ್ವರವೇ ಹೀಗೆ ತೊಂದರೆ ಕೊಡುತ್ತದೆ. ಮೂರನೇ ಪಿಸ್ಟನ್ನಿನ ಸ್ಲೈಡ್, ಅಂದರೆ ಜಾರುವ ಕೊಳವೆಯನ್ನು, ಸ್ವಲ್ಪ ಹೊರಗೆ ಎಳೆದುಕೊಳ್ಳಬೇಕು, ಇಲ್ಲಾ ತುಟಿಯಲ್ಲೇ ಇಳಿಸಬೇಕು. ಅಪ್ಪ ತುಟಿಯಲ್ಲಿ ಇಳಿಸುತ್ತಿದ್ದರು. ನಾಲ್ಕು ಪಿಸ್ಟನ್ ಇರುವ ಟ್ಯೂಬಾ ಇದ್ದರೆ ಈ ಗೋಳು ಕಡಿಮೆ. ಅದು ನಮ್ಮ ಕೈಗೆ ಸಿಗಲಿಲ್ಲ.

ಇದರಲ್ಲಿ ರಾಗ ನುಡಿಸಬಹುದಾ?

ನುಡಿಸಬಹುದು, ಆದರೆ ಸ್ವರವನ್ನು ತೂಗಾಡಿಸುವ ಗಮಕ ಕಷ್ಟ. ಇಷ್ಟು ದಪ್ಪ ಕೊಳವೆಯಲ್ಲಿ ಸ್ವರ ಬೇಗ ಬಾಗುವುದಿಲ್ಲ. ಮೋಹನ, ಹಂಸಧ್ವನಿ, ಶಂಕರಾಭರಣ ಚೆನ್ನಾಗಿ ಕೂರುತ್ತವೆ. ತೋಡಿಯ ಆಸೆ ಬಿಡುವುದೇ ಒಳ್ಳೆಯದು. ಬ್ಯಾಂಡಿಗೂ ನಮ್ಮ ಸಂಗೀತಕ್ಕೂ ನಂಟು ಹಳೆಯದು. ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷ್ ಬ್ಯಾಂಡಿನ ಮಟ್ಟುಗಳನ್ನು ಕೇಳಿ ಅದೇ ಮಟ್ಟಿಗೆ ಸಂಸ್ಕೃತದಲ್ಲಿ ನೋಟ್ಟುಸ್ವರ ಸಾಹಿತ್ಯ ರಚಿಸಿದರು. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನ್ ಮೊದಲು ಕೇಳಿದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ. ಅವರು ಅದನ್ನು ಕಚೇರಿ ವೇದಿಕೆಗೆ ತಂದ ಮೇಲೆ ಈಗ ನಮ್ಮ ಮದುವೆಗಳಲ್ಲೂ ಸ್ಯಾಕ್ಸೋಫೋನ್ ಬಂದು ಕೂತಿದೆ.

ಗಟ್ಟಿಮೇಳಕ್ಕೆ ಬ್ಯಾಂಡ್ ಯಾಕೆ ಬಾರಿಸಲ್ಲ?

ಅದು ಓಲಗದವರ ಜಾಗ. ತಾಳಿ ಕಟ್ಟುವ ಹೊತ್ತಿಗೆ ನಾಗಸ್ವರ, ಡೋಲು ಇರಬೇಕು. ನಮ್ಮದು ವರಪೂಜೆಯ ಮೆರವಣಿಗೆ, ಆರತಕ್ಷತೆ, ಪಲ್ಲಕ್ಕಿ, ಗಣೇಶನ ವಿಸರ್ಜನೆ. ಆ ಗೆರೆ ನಾವು ದಾಟುತ್ತಿರಲಿಲ್ಲ.

ತಮಟೆ ಜೊತೆ ಬ್ಯಾಂಡ್ ಹೊಂದುತ್ತಾ?

ತಮಟೆಯವರು ಎದುರಿಗೆ ಬಂದರೆ ನಾವು ನಿಲ್ಲಿಸುತ್ತಿದ್ದೆವು. ಅವರ ಶಬ್ದದ ಮುಂದೆ ನಮ್ಮದು ಕೇಳುವುದಿಲ್ಲ, ಅದಕ್ಕಿಂತ ಹೆಚ್ಚಾಗಿ ಅದು ಕೇಳಬೇಕಾದ ವಿದ್ಯೆ. ಚಿಂತಾಮಣಿ ತಾಲ್ಲೂಕು ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆಗಾಗಿ ಪದ್ಮಶ್ರೀ ಬಂತು. ಆ ಸುದ್ದಿ ಬಂದ ದಿನ ನಮ್ಮ ಸೆಟ್ಟಿನ ಹಳಬರೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡಿದರು.

ತುಂಬಾ ಭಾರ ಇರುತ್ತಾ?

ಹತ್ತು ಕೆಜಿ ಆಸುಪಾಸು. ಸೂಸಾಫೋನ್ ಇನ್ನೂ ಭಾರ ಇರಬಹುದು. ಮೊದಲ ಗಂಟೆ ಗೊತ್ತಾಗುವುದಿಲ್ಲ. ನಾಲ್ಕನೇ ಗಂಟೆಗೆ ಎಡ ಹೆಗಲು ಹೇಳುತ್ತದೆ.

ಊದೋದಕ್ಕೆ ಉಸಿರು ಜಾಸ್ತಿ ಬೇಕಾ? ಮೈಗೆ ತೊಂದರೆ ಆಗಲ್ವಾ?

ಗಾಳಿ ಜಾಸ್ತಿ ಬೇಕು, ಒತ್ತಡ ಕಡಿಮೆ. ಟ್ರಂಪೆಟ್ಟಿಗೆ ಇದರ ಉಲ್ಟಾ. ಹೊಟ್ಟೆಯಿಂದ ಉಸಿರು ತೆಗೆಯುವುದು ಕಲಿತರೆ ಆಯಾಸ ಆಗುವುದಿಲ್ಲ. ಕೊಳವೆಯಿಂದ ಸುರಿಯುವ ನೀರು ನೋಡಿ ಜನ ಮುಖ ಸಿಂಡರಿಸುತ್ತಾರೆ. ಅದು ಬಹುಪಾಲು ಉಸಿರಿನ ಹಬೆ ತಣ್ಣಗಾಗಿ ಆದ ನೀರು. ನಿಜವಾಗಿ ಕಾಪಾಡಿಕೊಳ್ಳಬೇಕಾದ್ದು ಮುಂದಿನ ಹಲ್ಲು ಮತ್ತು ಕಿವಿ. ಹಲ್ಲು ಅಲ್ಲಾಡಿದರೆ ತುಟಿಗೆ ಆಸರೆ ಹೋಗುತ್ತದೆ. ಅಪ್ಪ ಊದುವುದು ನಿಲ್ಲಿಸಿದ್ದು ಹಾಗೆಯೇ, ಎರಡು ಹಲ್ಲು ಬಿದ್ದ ವರ್ಷ. ಪಕ್ಕದಲ್ಲೇ ಬಾಸ್ ಡ್ರಮ್ ಇರುವುದರಿಂದ ಕಿವಿಗೆ ಹತ್ತಿ ಇಟ್ಟರೆ ಸಾಲದು, ಸರಿಯಾದ ಇಯರ್ ಪ್ಲಗ್ ಹಾಕಿಕೊಳ್ಳಿ.

ಚಳಿಗಾಲದ ಬೆಳಗ್ಗೆ ಬ್ಯಾಂಡ್ ಯಾಕೆ ಅಪಸ್ವರ ಕೇಳುತ್ತೆ?

ತಣ್ಣನೆ ಗಾಳಿಯಲ್ಲಿ ಶಬ್ದ ನಿಧಾನ ಹೋಗುತ್ತದೆ. ಅದಕ್ಕೆ ಕೊಳವೆಯ ಶ್ರುತಿ ಇಳಿಯುತ್ತದೆ. ಬಿಸಿಲೇರಿದರೆ ಮೇಲೇರುತ್ತದೆ. ಚಿಕ್ಕ ವಾದ್ಯ ಉಸಿರಿನ ಬಿಸಿಗೆ ಬೇಗ ಸರಿಹೋಗುತ್ತದೆ, ಟ್ಯೂಬಾಕ್ಕೆ ಹೊತ್ತು ಬೇಕು. ಶುರು ಮಾಡುವ ಮುಂಚೆ ಐದು ನಿಮಿಷ ಸ್ವರ ಇಲ್ಲದೆ ಸುಮ್ನೆ ಬಿಸಿ ಉಸಿರು ಬಿಡಿ.

ನಂದಿ ಬೆಟ್ಟದ ಬುಡದ ಒಂದು ಹಳ್ಳಿಗೆ ಡಿಸೆಂಬರ್ ಶುರುವಿನಲ್ಲಿ ಮದುವೆಗೆ ಹೋಗಿದ್ದೆವು. ಹಿಂದಿನ ದಿನ ಎಣ್ಣೆ ಮುಗಿದಿತ್ತು ಅಂತ ನಾನು ಪಿಸ್ಟನ್ನಿಗೆ ಕೊಬ್ಬರಿ ಎಣ್ಣೆ ಹಾಕಿದ್ದೆ. ಬೆಳಗ್ಗೆ ಐದೂವರೆಗೆ ನೋಡಿದರೆ ಮೂರೂ ಪಿಸ್ಟನ್ ಹೆಪ್ಪುಗಟ್ಟಿ ಕೂತಿವೆ. ಮದುಮಗ ಕಾರಿಂದ ಇಳಿಯುತ್ತಿದ್ದ. ಅಡುಗೆ ಮನೆಗೆ ಓಡಿ ಬಿಸಿನೀರು ತಂದು ಹೊಯ್ದೆವು. ದಯವಿಟ್ಟು ಕೊಬ್ಬರಿ ಎಣ್ಣೆ ಹಾಕಬೇಡಿ. ಪಿಸ್ಟನ್ನಿಗೆ ಹಾಕುವ ವಾಲ್ವ್ ಆಯಿಲ್ ಸಿಗದಿದ್ದರೆ ಒಂದು ದಿನದ ಮಟ್ಟಿಗೆ ಹೊಲಿಗೆ ಮಷೀನಿನ ತೆಳು ಎಣ್ಣೆ ಪರವಾಗಿಲ್ಲ.

ಹುಣಸೆಹಣ್ಣು ಹಾಕಿ ಉಜ್ಜಬಹುದಾ?

ಮೇಲೆ ವಾರ್ನಿಷ್, ನಿಕ್ಕಲ್, ಬೆಳ್ಳಿ ಲೇಪ ಏನೂ ಇಲ್ಲದ ಬರೀ ಹಿತ್ತಾಳೆಯಾದರೆ ಉಜ್ಜಬಹುದು. ಆದರೆ ದೇವರ ಮನೆ ದೀಪದ ಹಾಗೆ ಹಚ್ಚಿ ಬಿಟ್ಟು ಹೋಗಬೇಡಿ. ಹುಳಿ ಜಾಸ್ತಿ ಹೊತ್ತು ಕೂತರೆ ಹಿತ್ತಾಳೆಯ ಸತು ಬಿಟ್ಟುಕೊಂಡು ಕೆಂಪು ಚುಕ್ಕೆ ಏಳುತ್ತದೆ. ಉಜ್ಜಿ, ತಕ್ಷಣ ತೊಳೆದು, ಬಟ್ಟೆಯಲ್ಲಿ ಒರೆಸಿ. ಪಿಸ್ಟನ್ ಹತ್ತಿರ ಹುಳಿ ಹೋಗಲೇಬಾರದು. ಒಳಗೆ ತಿಂಗಳಿಗೊಮ್ಮೆ ಉಗುರು ಬೆಚ್ಚಗಿನ ನೀರು ಹಾಯಿಸಿ.

ಹೊಸದು ಎಲ್ಲಿ ಸಿಗುತ್ತೆ?

ಉತ್ತರ ಪ್ರದೇಶದ ಮೀರತ್‌ನಲ್ಲಿ. ಅಲ್ಲಿನ ಜಲಿ ಕೋಠಿ ಅನ್ನುವ ಬೀದಿಯಲ್ಲಿ ಇಡೀ ದೇಶದ ಬ್ಯಾಂಡುಗಳಿಗೆ ವಾದ್ಯ ತಯಾರಾಗುತ್ತದೆ. ಅಲ್ಲಿನ ಹಳೆಯ ನಾದಿರ್ ಅಲಿ ಕಂಪನಿ ಶುರುವಾಗಿದ್ದು 1885ರಲ್ಲಿ. ಹಳೆಯದು ಕೊಳ್ಳುವುದಾದರೆ ಪಿಸ್ಟನ್ ಒತ್ತಿ ಬಿಡಿ, ತಟ್ಟನೆ ಮೇಲೆ ಬರಬೇಕು. ಬೆಲ್, ಅಂದರೆ ವಾದ್ಯದ ದೊಡ್ಡ ಬಾಯಿ, ಅದರ ಮೇಲಿನ ತಗ್ಗಿಗೆ ಹೆದರಬೇಡಿ, ಅದನ್ನು ತೆಗೆಸಬಹುದು. ಪಿಸ್ಟನ್ ಸವೆದಿದ್ದರೆ ಮಾತ್ರ ಬಿಟ್ಟು ಬನ್ನಿ.

ಈಗ ಸೆಟ್ಟುಗಳಲ್ಲಿ ಟ್ಯೂಬಾ ಯಾಕೆ ಕಾಣಲ್ಲ?

ಹತ್ತು ಜನ ಬೇಡ, ಆರು ಜನ ಸಾಕು ಅನ್ನುವವರು ಮೊದಲು ಕೈಬಿಡುವುದು ಟ್ಯೂಬಾವನ್ನು. ಕೀಬೋರ್ಡಿನಲ್ಲಿ ಬಾಸ್ ಬರುತ್ತದಲ್ಲ ಅನ್ನುತ್ತಾರೆ. ಗಾಡಿಯ ಮೇಲೆ ಸ್ಪೀಕರ್, ಜನರೇಟರ್ ಬಂದವು. ಆಮೇಲೆ ಡಿಜೆ ಬಂತು. ಇನ್ನು ಕೆಲವು ಕಡೆ ಸೂಸಾಫೋನ್ ಚಂದಕ್ಕೆ ಮಾತ್ರ ಹೆಗಲ ಮೇಲಿರುತ್ತದೆ, ಊದುವುದಿಲ್ಲ. ಅದನ್ನು ಕಂಡರೆ ನನಗೆ ಸಂಕಟ ಆಗುತ್ತದೆ.

ನಮ್ಮ ಸೆಟ್ಟಿಗೆ ದೊಡ್ಡ ಏಟು ಬಿದ್ದದ್ದು ಗಣಿಯಿಂದ. 2001ರ ಫೆಬ್ರವರಿ 28ಕ್ಕೆ ಕೆಜಿಎಫ್ ಗಣಿ ಮುಚ್ಚಿತು. ಸೆಟ್ಟಿನಲ್ಲಿದ್ದ ಗಣಿ ಮನೆಗಳ ಮೂರು ಹುಡುಗರು ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುವವರಾದರು. ಅಭ್ಯಾಸಕ್ಕೆ ಹೊತ್ತೆಲ್ಲಿ? ಆಷಾಢ, ಧನುರ್ಮಾಸದಲ್ಲಿ ಮೊದಲೇ ಕೆಲಸ ಇರುವುದಿಲ್ಲ. ಸೀಸನ್ ನಂಬಿ ಯಾರು ಕೂರುತ್ತಾರೆ ಹೇಳಿ.

ರಾತ್ರಿ ಎಷ್ಟು ಹೊತ್ತಿನವರೆಗೆ ಬಾರಿಸಬಹುದು?

ಹತ್ತು ಗಂಟೆವರೆಗೆ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬೀದಿಯಲ್ಲಿ ಮೈಕಿಗೂ ವಾದ್ಯಕ್ಕೂ ತಡೆ ಇದೆ. ‘ಇನ್ನೊಂದೇ ಹಾಡು’ ಅಂತ ಮಾಸ್ಟರನ್ನು ಕಾಡಬೇಡಿ. ಪೊಲೀಸರು ಬಂದರೆ ನಿಲ್ಲುವವರು ಬ್ಯಾಂಡಿನವರು.

ಮದುವೆಗೆ ಬ್ಯಾಂಡ್ ಹೇಳುವಾಗ ಏನು ಗಮನಿಸಬೇಕು?

‘ಬಾಸ್ ಇದೆಯಾ, ಊದುವವರು ಇದ್ದಾರಾ?’ ಅಂತ ಕೇಳಿ. ಯಾರಾದರೂ ಕೇಳಿದರೆ ಮಾಸ್ಟರ್ ಒಬ್ಬನನ್ನು ಹುಡುಕುತ್ತಾರೆ. ಅಡ್ವಾನ್ಸ್ ಕೊಟ್ಟ ದಿನವೇ ಎಷ್ಟು ಜನ, ಎಷ್ಟು ಗಂಟೆ, ಎಲ್ಲಿಂದ ಎಲ್ಲಿಗೆ ಅಂತ ಮಾತಾಡಿ. ಉಳಿದ ಹಣವನ್ನು ಕೆಲಸ ಮುಗಿದ ಕೂಡಲೇ ಕೊಡಿ. ಹೆಣ್ಣಿನವರು ಕೊಡುತ್ತಾರೆ, ಗಂಡಿನವರು ಕೊಡುತ್ತಾರೆ ಅಂತ ಓಡಾಡಿಸಬೇಡಿ.

ಊಟದ ವಿಷಯ ಹೇಳಲೇಬೇಕು. ಒಂದು ಕಲ್ಯಾಣ ಮಂಟಪದಲ್ಲಿ ಸಂಜೆ ಆರರಿಂದ ಒಂಬತ್ತೂವರೆವರೆಗೆ ಊದಿದ್ದೆವು. ಊಟಕ್ಕೆ ಹೋದರೆ ಬಾಗಿಲಲ್ಲೇ ಒಬ್ಬರು ನಿಲ್ಲಿಸಿ, ಯಾವ ಊರು, ಯಾವ ಜನ ಅಂತ ಕೇಳಿದರು. ಆಮೇಲೆ ಹಿಂದುಗಡೆ ಜನರೇಟರ್ ಪಕ್ಕ ಕೂರಿ ಅಂದರು. ಹನ್ನೊಂದಾಯಿತು, ಬಂದದ್ದು ಅನ್ನ, ತಿಳಿ ಸಾರು. ಅಪ್ಪ ಎಲೆ ಮುಟ್ಟಲಿಲ್ಲ. ಟ್ಯೂಬಾ ಒರೆಸಿ ಚೀಲಕ್ಕೆ ಹಾಕಿಕೊಂಡು, ಸ್ಟೇಷನ್ ಹತ್ತಿರ ಎರಡು ಇಡ್ಲಿ ತಿಂದರು. ಆಗ ನನಗೆ ಹದಿನಾರು ವರ್ಷ. ನಿಮ್ಮ ಮನೆ ಮದುವೆಯಲ್ಲಿ ಬ್ಯಾಂಡಿನವರನ್ನು ಪಂಕ್ತಿಯಲ್ಲಿ ಕೂರಿಸಿ, ನೀವೇ ಒಂದು ಸಲ ‘ಊಟ ಆಯ್ತಾ?’ ಅಂತ ಕೇಳಿ. ಹಾಗೆ ಕೇಳಿದ ಮನೆಗಳ ಹೆಸರು ಅಪ್ಪನಿಗೆ ಕೊನೆವರೆಗೂ ನೆನಪಿತ್ತು.

ಮಕ್ಕಳಿಗೆ ಕಲಿಸಬೇಕು. ಎಲ್ಲಿಂದ ಶುರು ಮಾಡಲಿ?

ನೇರ ಟ್ಯೂಬಾಕ್ಕೆ ಹೋಗಬೇಡಿ, ಹನ್ನೆರಡು ವರ್ಷದ ಮಗುವಿಗೆ ಯೂಫೋನಿಯಂ ಸಾಕು. ಬೆರಳು ಒಂದೇ ರೀತಿ, ಆಮೇಲೆ ಬದಲಾಯಿಸುವುದು ಸುಲಭ. ಮೊದಲ ಮೂರು ತಿಂಗಳು ಉದ್ದ ಸ್ವರ ಹಿಡಿಯುವುದೇ ಪಾಠ. ಸಿನಿಮಾ ಹಾಡು ಆಮೇಲೆ. ಮುಂದೆ ಇದರಲ್ಲೇ ಬದುಕು ನೋಡಿಕೊಳ್ಳುವ ಮನಸ್ಸಿದ್ದರೆ ಪೊಲೀಸ್ ಬ್ಯಾಂಡ್, ಸೇನೆಯ ಬ್ಯಾಂಡ್ ಇವೆ. ಸೇನೆಯ ಸಂಗೀತಗಾರರಿಗೆ ಮಧ್ಯಪ್ರದೇಶದ ಪಚ್ಮಡಿಯಲ್ಲಿ ತರಬೇತಿ ಶಾಲೆ ಇದೆ. ಅದು 1950ರಲ್ಲಿ ಶುರುವಾದದ್ದು ನಮ್ಮ ಕೊಡಗಿನ ಕಾರ್ಯಪ್ಪನವರು ಸೇನೆಯ ಮುಖ್ಯಸ್ಥರಾಗಿದ್ದಾಗ.

ಹೆಣ್ಣುಮಕ್ಕಳು ಊದಬಹುದಾ?

ಯಾಕಾಗಲ್ಲ? ಅಮೆರಿಕದ ಫಿಲಡೆಲ್ಫಿಯಾ ಆರ್ಕೆಸ್ಟ್ರಾದಲ್ಲಿ 2006ರಿಂದ ಮುಖ್ಯ ಟ್ಯೂಬಾ ವಾದಕಿಯಾದವರು ಕ್ಯಾರಲ್ ಜಾಂಚ್. ಆಯ್ಕೆಯಾದಾಗ ಅವರಿನ್ನೂ ಓದುತ್ತಿದ್ದ ಹುಡುಗಿ.

ನಿಮ್ಮ ತಂದೆಯ ಟ್ಯೂಬಾ ಈಗ ಎಲ್ಲಿದೆ?

ನಮ್ಮ ಹಾಲಿನಲ್ಲಿ, ರಾಗಿ ಡ್ರಮ್ಮಿನ ಪಕ್ಕ. ಎರಡನೇ ಪಿಸ್ಟನ್ ಬದಲಾಯಿಸಿದ್ದೇವೆ. ಬೆಲ್ಲಿನ ತಗ್ಗು ಹಾಗೇ ಬಿಟ್ಟಿದ್ದೇನೆ, ಅದು ಚಿಕ್ಕ ರೈಲಿನ ಬಾಗಿಲಿಗೆ ತಗುಲಿ ಆದದ್ದು. ನನ್ನ ಅಕ್ಕನ ಮಗಳು ಪಿಯುಸಿ ಓದುತ್ತಿದ್ದಾಳೆ. ಭಾನುವಾರ ಬಂದು ಅದನ್ನು ಎತ್ತಿಕೊಂಡು ಹೋಗುತ್ತಾಳೆ. ಹುಣಸೆ ತೋಪು ಈಗ ಲೇಔಟ್ ಆಗಿದೆ, ಎರಡು ಮರ ಉಳಿದಿವೆ. ತಾತನ ನೋಟ್ ಪುಸ್ತಕವನ್ನು ಒಂದು ಮರಕ್ಕೆ ಒರಗಿಸಿಟ್ಟು ಊದುತ್ತಾಳೆ. ‘ಸ’ ಇಪ್ಪತ್ತು ಎಣಿಸುವವರೆಗೆ ಅಲುಗಾಡದೆ ನಿಲ್ಲುತ್ತದೆ. ಕೆಳಗಿನ ‘ಪ’ ಇನ್ನೂ ಸ್ವಲ್ಪ ಮೇಲಿದೆ. ಸ್ಲೈಡ್ ಎಳೆದುಕೋ ಅಂದೆ. ಬೇಡ ಮಾವ, ತುಟಿಯಲ್ಲೇ ಇಳಿಸುತ್ತೇನೆ ಅಂದಳು.